ನರಕ್ಕೇರಿಸಿದ ಹಾಲು

ಅಕ್ಕನ ಹೊಟ್ಟೆಯ ಆಪರೇಶನ್ ಆಗಿ ಇನ್ನೂ ವಾರ ತುಂಬಿರಲಿಲ್ಲ. ಬೆಳಿಗ್ಗೆ ಪಟ್ಟಿ ಬಿಚ್ಚಿ ನೋಡಿದರೆ ಹೊಲಿಗೆಯ ಕೆಳತುದಿಯಿಂದ ಹಳದಿ ಮಿಶ್ರಿತ ಹಸಿರು ನೀರು ಜಿನುಗುತ್ತಿತ್ತು. ನಾನು ಡಾಕ್ಟರಾಗಿ ಆಗಿನ್ನೂ ಕೆಲವೇ ವರ್ಷ. ಆದರೂ ಅದು ಏನೆಂದು ತಿಳಿಯಲು ಎರಡನೇ ಸಲ ನೋಡಬೇಕಾಗಲಿಲ್ಲ. ಒಳಗೆ ಹೊಲಿದ ಕರುಳು ಸೋರುತ್ತಿತ್ತು.

ತೊಂಬತ್ತರ ದಶಕದ ಮೊದಲ ವರ್ಷಗಳವು. ಜೇವರ್ಗಿಯಲ್ಲಿ ವಿಜಾಪುರ ರಸ್ತೆಗೆ ಮುಖ ಮಾಡಿದ್ದ ಸಣ್ಣದೊಂದು ಖಾಸಗಿ ದವಾಖಾನೆಯಲ್ಲಿ ಕೆಲಸಕ್ಕಿದ್ದೆ. ಸರಕಾರಿ ನೌಕರಿಯಿಂದ ನಿವೃತ್ತರಾದ ಸರ್ಜನ್ ಒಬ್ಬರು ಅದನ್ನು ನಡೆಸುತ್ತಿದ್ದರು. ಊರವರ ಬಾಯಲ್ಲಿ ಅವರು ದೊಡ್ಡ ಡಾಕ್ಟರು, ನಾನು ಸಣ್ಣ ಡಾಕ್ಟರಮ್ಮ. ನಮ್ಮ ತವರು ಆಳಂದ. ಅಕ್ಕನನ್ನು ಕೊಟ್ಟದ್ದು ಅಂದೋಲಾಕ್ಕೆ. ಜ್ವರ ಬಂದು ಇಳಿಯದೆ ಇದ್ದಾಗ ಸುಗ್ಗಿ ರಾಶಿಯ ದಣಿವು ಅಂದುಕೊಂಡು ಅವಳು ಕಷಾಯ ಕುಡಿದು ಮಲಗಿದ್ದಳಂತೆ. ಟೈಫಾಯ್ಡ್ ಕರುಳಿಗೆ ತೂತು ಹಾಕಿದ ಮೇಲೆ ಟ್ರ್ಯಾಕ್ಟರಿನ ಡಬ್ಬಿಯಲ್ಲಿ ಹಾಸಿಗೆ ಹಾಸಿ ತಂದರು. ಗುಲಬರ್ಗಾದವರೆಗೆ ಒಯ್ಯುವಷ್ಟು ಜೀವ ಅವಳಲ್ಲಿ ಉಳಿದಿರಲಿಲ್ಲ. ದೊಡ್ಡ ಡಾಕ್ಟರು ಇದ್ದಲ್ಲೇ ಹೊಟ್ಟೆ ತೆರೆದು ತೂತು ಹೊಲಿದರು. ಅವಳು ಉಳಿದದ್ದು ಅವರ ಕೈಯಿಂದಲೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಜ್ವರ ತಿಂದಿದ್ದ ಕರುಳು ಹೊಲಿಗೆ ಹಿಡಿಯಲಿಲ್ಲ.

ಗುಲಬರ್ಗಾದಿಂದ ಹಿರಿಯ ಸರ್ಜನ್ ಒಬ್ಬರನ್ನು ಕರೆಸಿದೆವು. ಅವರು ನೋಡಿ, ಮತ್ತೆ ಕತ್ತರಿಸಬೇಡಿ ಎಂದರು. ಬಾಯಿಗೆ ಒಂದು ಹನಿಯೂ ಕೊಡಬಾರದು. ಕರುಳಿಗೆ ಕೆಲಸವಿಲ್ಲದಂತೆ ಮಾಡಿ, ಮೈಗೆ ಬೇಕಾದ ಶಕ್ತಿಯನ್ನೆಲ್ಲ ನರದಿಂದ ಕೊಟ್ಟರೆ ಸೋರುವ ಜಾಗ ತಾನೇ ಮುಚ್ಚಿಕೊಳ್ಳಬಹುದು. ಬರೀ ಗ್ಲೂಕೋಸಿನಿಂದ ಆಗುವ ಕೆಲಸವಲ್ಲ. ಶಕ್ತಿ ಸಾಲುವಷ್ಟು ಗಟ್ಟಿ ಗ್ಲೂಕೋಸ್ ಬಿಟ್ಟರೆ ಕೈಯ ನರ ಸುಟ್ಟು ಹಗ್ಗದಂತಾಗುತ್ತದೆ. ಕೊಬ್ಬಾದರೆ ನರ ಸುಡದೆ ಶಕ್ತಿ ಕೊಡುತ್ತದೆ. ಪ್ರೋಟೀನಿನ ಬಾಟಲಿ ಗುಲಬರ್ಗಾದಲ್ಲಿ ಸಿಗುತ್ತದೆ, ಕೊಬ್ಬಿನ ಬಾಟಲಿಗೆ ಹೈದರಾಬಾದಿಗೇ ಹೋಗಬೇಕು ಎಂದು ಹೇಳಿ ಅವರು ಕಾರು ಹತ್ತಿದರು.

ಹೈದರಾಬಾದಿಗೆ ಹೊರಟವನು ಅಕ್ಕನ ಗಂಡ, ನಮ್ಮ ಮಾಮಾ. ತೊಗರಿ ಜೋಳದ ಒಕ್ಕಲುತನದವನು, ಎತ್ತರದ ಆಳು, ಮಾತು ಕಡಿಮೆ. ಬಾಟಲಿಗಳನ್ನು ಬಟ್ಟೆಯ ಚೀಲದಲ್ಲಿಟ್ಟು, ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ತಂದ. ಏಪ್ರಿಲ್ ತಿಂಗಳು. ನಮ್ಮ ಕಡೆಯ ಏಪ್ರಿಲ್ ಬಿಸಿಲಿನಲ್ಲಿ ಬಸ್ಸಿನ ಕಿಟಕಿಯ ಸರಳು ಮುಟ್ಟಲಾಗುವುದಿಲ್ಲ. ಬಾಟಲಿಯ ಮೇಲೆ ಇಪ್ಪತ್ತೈದು ಡಿಗ್ರಿಗಿಂತ ತಂಪಿನಲ್ಲಿ ಇಡಿ, ಹೆಪ್ಪುಗಟ್ಟಿಸಬೇಡಿ ಎಂದು ಬರೆದಿತ್ತು. ಜೊತೆಯ ಚೀಟಿಯಲ್ಲಿ ಉಳಿದ ವಿವರ ಇದ್ದಿರಬೇಕು, ಅದನ್ನು ಅಂಗಡಿಯವನು ಎಲ್ಲೋ ಬಿಸಾಕಿದ್ದ.

ಆ ಬಾಟಲಿಯನ್ನು ನಾನು ಕಾಲೇಜಿನಲ್ಲಿ ಓದುವಾಗ ದೂರದಿಂದ ನೋಡಿದ್ದೆ ಅಷ್ಟೆ. ಸೋಯಾ ಎಣ್ಣೆಯನ್ನು ಕಣ್ಣಿಗೆ ಕಾಣದಷ್ಟು ಸಣ್ಣ ಹನಿಗಳಾಗಿ ಒಡೆದು ನೀರಿನಲ್ಲಿ ತೇಲಿಸಿರುತ್ತಾರೆ. ಒಂದು ಹನಿ ಇನ್ನೊಂದಕ್ಕೆ ಅಂಟದಂತೆ ಪ್ರತಿ ಹನಿಯ ಸುತ್ತ ಮೊಟ್ಟೆಯ ಹಳದಿಯಿಂದ ತೆಗೆದ ಒಂದು ಪದರ. ಆ ಪದರ ಗಟ್ಟಿ ಇರುವತನಕ ಅದು ಹಾಲಿನಂತೆ ಬೆಳ್ಳಗೆ ಒಂದೇ ಸಮ ಇರುತ್ತದೆ. ಪದರ ಹರಿದರೆ ಹನಿಗಳು ಕೂಡಿಕೊಂಡು ದೊಡ್ಡವಾಗುತ್ತವೆ. ನರದೊಳಗೆ ಹೋದ ದೊಡ್ಡ ಹನಿ ಶ್ವಾಸಕೋಶದ ಸಣ್ಣ ನಾಳಗಳಲ್ಲಿ ಸಿಕ್ಕಿಕೊಂಡು ಉಸಿರು ಹಿಡಿಯುತ್ತದೆ. ಇಷ್ಟು ನನಗೆ ಗೊತ್ತಿತ್ತು. ನಮ್ಮ ಬಿಸಿಲಿನಲ್ಲಿ, ದಿನಕ್ಕೆ ಅರ್ಧಹೊತ್ತು ಕರೆಂಟಿಲ್ಲದ ಊರಿನಲ್ಲಿ ಆ ಪದರ ಎಷ್ಟು ತಾಳುತ್ತದೆ ಎಂದು ಯಾವ ಪುಸ್ತಕದಲ್ಲೂ ಬರೆದಿರಲಿಲ್ಲ.

ಮೊಟ್ಟೆ ಆಗಿಬರದವರಿಗೆ ಇದನ್ನು ಕೊಡಬಾರದು. ಹಾಗಾಗಿ ಕೇಳಲೇಬೇಕಿತ್ತು. ಮಾಮಾನ ಮನೆಯಲ್ಲಿ ಈರುಳ್ಳಿ ಕೊಯ್ಯುವ ಈಳಿಗೆಯನ್ನೂ ಲಿಂಗಪೂಜೆಯ ಹೊತ್ತಿಗೆ ಆಚೆ ಇಡುತ್ತಿದ್ದರು.

"ಮಾಮಾ, ಅಕ್ಕ ಯಾವಾಗರ ತತ್ತಿ ತಿಂದಾಳೇನ್ರಿ? ತಿಂದು ಮೈಗೆ ದದ್ದು ಎದ್ದಿದ್ದು, ದಮ್ಮು ಬಂದಿದ್ದು ಏನರ?"

ಅವನು ನನ್ನ ಮುಖವನ್ನೇ ನೋಡಿದ. "ಹಿಂಗ್ಯಾಕ ಕೇಳಾಕತ್ತಿ?"

ಹೇಳಿದೆ. ಅವನು ಬಾಟಲಿಯನ್ನು ತಿರುಗಿಸಿ ತಿರುಗಿಸಿ ನೋಡಿ ಗೋಡೆಗೆ ಒರಗಿ ಕುಳಿತ. ಹಾಸಿಗೆಯ ಮೇಲಿದ್ದ ಅಕ್ಕ ಎಲ್ಲ ಕೇಳಿಸಿಕೊಂಡಿದ್ದಳು. ಕೊರಳ ಲಿಂಗದ ಕರಡಿಗೆಯ ಮೇಲೆ ಕೈ ಇಟ್ಟುಕೊಂಡು, "ಜೀವ ಉಳಿದ್ರ ದಿನಾ ಎರಡು ಸಲ ಪೂಜಾ ಮಾಡ್ತೇನಿ. ಹಚ್ಚು," ಎಂದಳು. "ನಿಮ್ಮ ಅವ್ವನ ಮುಂದ ಮಾತ್ರ ಹೇಳಬ್ಯಾಡ," ಎಂದ ಮಾಮಾ.

ಮೊದಲ ಬಾಟಲಿಯ ಮೇಲ್ಭಾಗದಲ್ಲಿ ದಪ್ಪ ಬಿಳಿ ಕೆನೆ ನಿಂತಿತ್ತು. ಕಿಟಕಿಯ ಬೆಳಕಿಗೆ ಹಿಡಿದು ಮೆಲ್ಲಗೆ ಮೇಲೆ ಕೆಳಗೆ ಮಾಡಿದೆ. ಕೆನೆ ಕರಗಿ ಎಲ್ಲ ಒಂದಾಯಿತು. ಬಹಳ ಹೊತ್ತು ಹಾಗೇ ಹಿಡಿದು ನೋಡಿದೆ, ಎಲ್ಲೂ ಹಳದಿ ಕಾಣಲಿಲ್ಲ. ಅಕ್ಕನ ಕೈಗೆ ಹಚ್ಚಿ, ಹನಿ ಬಹಳ ನಿಧಾನ ಬಿಟ್ಟು, ಮೊದಲರ್ಧ ತಾಸು ಅವಳ ಮುಖವನ್ನೇ ನೋಡುತ್ತ ಕುಳಿತೆ. ನಡುಕ ಬರಲಿಲ್ಲ, ಬೆನ್ನು ನೋಯಲಿಲ್ಲ.

ಸಂಜೆಯೊಳಗೆ ಸುದ್ದಿ ಊರೆಲ್ಲ ಹಬ್ಬಿತು. ನರಕ್ಕೆ ಹಾಲು ಏರಿಸುತ್ತಾರಂತೆ ಎಂದು ನೋಡಲು ಜನ ಬರತೊಡಗಿದರು. ಆಕಳದ್ದೋ ಎಮ್ಮೆಯದ್ದೋ ಎಂದು ಕೇಳಿದರು. ಒಬ್ಬ ಅಡತಿ ವ್ಯಾಪಾರಿ ತನಗೂ ನಿಶ್ಶಕ್ತಿ, ಒಂದು ಬಾಟಲಿ ಹಚ್ಚಿ ಎಂದು ಕುಳಿತೇಬಿಟ್ಟ. ಬಾಗಿಲಿಗೆ ಚಿಲಕ ಹಾಕಿದರೆ ಕಿಟಕಿಯಲ್ಲಿ ಮುಖಗಳು. ಹನಿ ಎಣಿಸುವುದೋ ಇವರನ್ನು ಕಳಿಸುವುದೋ ತಿಳಿಯದೆ ನನ್ನ ತಲೆ ಕೆಟ್ಟಿತು.

ಮರುದಿನ ದೊಡ್ಡ ಡಾಕ್ಟರೊಂದಿಗೆ ಜಗಳವಾಯಿತು. ಜಗಳ ಎಂದರೆ ಅವರು ಮಾತಾಡಿದರು, ನಾನು ಒಪ್ಪದೆ ನಿಂತೆ. ಅಕ್ಕನ ರಕ್ತದಲ್ಲಿ ಕ್ಯಾಲ್ಸಿಯಂ ಇಳಿದಿತ್ತು. ಆ ಕಾಲದಲ್ಲಿ ಏನೇ ಇಂಜೆಕ್ಷನ್ ಇದ್ದರೂ ಗ್ಲೂಕೋಸ್ ಬಾಟಲಿಗೆ ಚುಚ್ಚಿ ಬಿಡುವುದು ರೂಢಿ.

"ಈ ಬಿಳಿ ಬಾಟ್ಲ್ಯಾಗೇ ಹಾಕಿ ಬಿಡಮ್ಮಾ. ಆಕಿ ಕೈಯಾಗ ನರ ಎಲ್ಲಿ ಉಳಿದಾವ? ಇನ್ನೊಂದು ಸೂಜಿ ಯಾಕ?"

"ಸರ್, ಕ್ಯಾಲ್ಸಿಯಂ ಹಾಕಿದ್ರ ಇದು ಒಡೀತದ ಅಂತ ಓದೇನ್ರಿ."

"ಎಲ್ಲಿ ಓದೀದಿ?"

ಎಲ್ಲಿ ಎಂದು ನೆನಪಾಗಲಿಲ್ಲ. ಅವರು ಕೈ ಬೀಸಿ ಹೊರಟುಹೋದರು. ನಾನು ಹುಬ್ಬಳ್ಳಿಯಲ್ಲಿದ್ದ ನನ್ನ ಪ್ರೊಫೆಸರಿಗೆ ಟ್ರಂಕ್ ಕಾಲ್ ಹಚ್ಚಿದೆ. ಲೈನ್ ಸಿಗುವ ಹೊತ್ತಿಗೆ ಮಧ್ಯಾಹ್ನವಾಯಿತು. ಆ ಕಡೆಯಿಂದ "ಯಾವ ಎಣ್ಣಿ? ಯಾರಿಗೆ ಎಣ್ಣಿ?" ಎಂಬುದಷ್ಟೇ ಕೇಳಿಸಿ ಕಟ್ ಆಯಿತು. ಮತ್ತೆ ಹಚ್ಚಿದರೆ ಲೈನ್ ಬ್ಯುಸಿ, ಆಮೇಲೆ ಲೈನೇ ಇಲ್ಲ.

ಬೇರೆ ದಾರಿ ಕಾಣದೆ, ಮುಗಿದ ಬಾಟಲಿಯ ತಳದಲ್ಲಿ ಉಳಿದದ್ದನ್ನು ಗಾಜಿನ ಲೋಟಕ್ಕೆ ಬಗ್ಗಿಸಿ ಅದಕ್ಕೆ ಒಂದಿಷ್ಟು ಕ್ಯಾಲ್ಸಿಯಂ ಇಂಜೆಕ್ಷನ್ ಸುರಿದೆ. ನಾಲ್ಕು ರೋಗಿಗಳನ್ನು ನೋಡಿ ಬರುವಷ್ಟರಲ್ಲಿ ಲೋಟದ ಅಂಚಿಗೆ ಬಿಳಿ ಕಣಗಳು ಕೂತಿದ್ದವು, ಹಾಲು ಒಡೆದಂತೆ. ದೊಡ್ಡ ಡಾಕ್ಟರ ಮೇಜಿನ ಮೇಲೆ ತಂದಿಟ್ಟೆ. ಅವರು ಕನ್ನಡಕ ಏರಿಸಿ ನೋಡಿದರು.

"ಗ್ಲಾಸ್ ಹೊಲಸು ಇರಬೇಕು," ಎಂದರು.

ನನಗೆ ಅಳುವಷ್ಟು ಸಿಟ್ಟು ಬಂತು. ಕ್ಯಾಲ್ಸಿಯಂ ಹಾಕು ಎಂದು ಅವರು ಮತ್ತೆ ಹೇಳಲಿಲ್ಲ. ಹಾಕಬೇಡ ಎಂದೂ ಹೇಳಲಿಲ್ಲ. ಹೀಗಾಗಿ ನಾನು ಇಲ್ಲದ ಹೊತ್ತಿನಲ್ಲಿ ಡ್ಯೂಟಿಯ ನರ್ಸ್ ಏನು ಮಾಡುತ್ತಾಳೋ ಎಂಬ ಹೆದರಿಕೆಯಲ್ಲಿ ನಾನು ಮನೆಗೆ ಹೋಗುವುದನ್ನೇ ಬಿಟ್ಟೆ. ಎಡಗೈಗೆ ಬಿಳಿ ಬಾಟಲಿ, ಬಲಗೈಗೆ ಸರದಿಯಂತೆ ಗ್ಲೂಕೋಸು, ಪ್ರೋಟೀನು ಹಚ್ಚಿ, ಕ್ಯಾಲ್ಸಿಯಮ್ಮನ್ನು ಬಲಗೈಗೆ ಕೊಟ್ಟೆ. ಎರಡೂ ಕೈ ಕಟ್ಟಿದಂತಾಗಿ ಅಕ್ಕ ಮೂಗು ತುರಿಸಿಕೊಳ್ಳಲೂ ಯಾರನ್ನಾದರೂ ಕರೆಯಬೇಕಾಗುತ್ತಿತ್ತು.

ಮೊದಲು ತಂದವು ಮುಗಿಯುತ್ತ ಬಂದಾಗ ಮಾಮಾ ಮತ್ತೆ ಹೊರಟ. ಈ ಸಲ ಬಿಸಿಲು ಇನ್ನೂ ಏರಿತ್ತು. "ತಂಪಾಗಿ ತರ್ರಿ, ಆದ್ರ ಹೆಪ್ಪುಗಟ್ಟಬಾರದು," ಎಂದು ಬಸ್ ಸ್ಟ್ಯಾಂಡಿನವರೆಗೆ ಹೋಗಿ ಹೇಳಿದೆ. "ಆಯ್ತು," ಎಂದ.

ಮರಳಿ ಬಂದವನ ಹೆಗಲ ಮೇಲೆ ಕುಲ್ಫಿ ಮಾರುವವರ ತಗಡಿನ ಡಬ್ಬಿ ಇತ್ತು. ಹೈದರಾಬಾದಿನ ಕುಲ್ಫಿಯವನೊಬ್ಬನನ್ನು ಕಾಡಿ ಬೇಡಿ ಅದನ್ನು ಕೊಂಡಿದ್ದ. ಒಳಗೆ ಐಸು, ಐಸಿನ ಮೇಲೆ ಕಲ್ಲುಪ್ಪು, ನಡುವೆ ಬಾಟಲಿಗಳು. ಐಸ್ ಬೇಗ ಕರಗಬಾರದು ಎಂದು ದಾರಿಯಲ್ಲಿ ಎರಡು ಕಡೆ ಇಳಿದು ಐಸೂ ಉಪ್ಪೂ ಸುರಿಸಿಕೊಂಡಿದ್ದ. ಅವನ ಅಂಗಿಯ ಬೆನ್ನೆಲ್ಲ ಉಪ್ಪುನೀರು ಒಣಗಿ ಬಿಳಿಯಾಗಿತ್ತು.

"ನೋಡು ಬೇ, ಇನ್ನೂ ಕಲ್ಲಿನಂಗ ತಂಪು ಅದಾವ," ಎಂದು ನಕ್ಕ. ಅಕ್ಕ ಹಾಸಿಗೆ ಹಿಡಿದ ಮೇಲೆ ಅವನು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.

ಬಾಟಲಿಗಳನ್ನು ಸಾಲಾಗಿ ಮೇಜಿನ ಮೇಲೆ ಇಟ್ಟೆ. ಒಳಗೆ ಬಿಳಿ ಗಡ್ಡೆ. ಉಪ್ಪು ಬೆರೆತ ಐಸು ಬರಿಯ ಐಸಿಗಿಂತ ತಣ್ಣಗಾಗಿ ಅವನ್ನು ಹೆಪ್ಪುಗಟ್ಟಿಸಿತ್ತು. ಕರಗಲೆಂದು ಕಾದೆ. ಕರಗಿದ ಮೇಲೆ ಪ್ರತಿಯೊಂದರ ಕತ್ತಿನಲ್ಲೂ ಹಳದಿ ಉಂಗುರ, ಸಾರಿನ ಮೇಲೆ ಒಗ್ಗರಣೆ ತೇಲಿದ ಹಾಗೆ. ಮೆಲ್ಲಗೆ ತಿರುವಿದೆ. ಹಳದಿ ಹನಿಗಳು ಗಾಜಿನ ಒಳಮೈಗೆ ಜಾರಿ ಮತ್ತೆ ಮೇಲೆ ಬಂದು ಕೂತವು. ಒಂದರಲ್ಲೂ ಬೆರೆಯಲಿಲ್ಲ.

"ಮಾಮಾ, ಇವು ನಡಿಯೂದಿಲ್ರಿ."

"ಏನು ನಡಿಯೂದಿಲ್ಲ?"

"ಹೆಪ್ಪುಗಟ್ಟಿ ಒಡೆದಾವ. ಎಣ್ಣಿ ಬ್ಯಾರೆ ಆಗ್ಯದ."

"ಆವಾಗಿನ ಬಾಟ್ಲ್ಯಾಗೂ ಕೆನಿ ಬಂದಿತ್ತು. ತಿರುವಿ ಹಚ್ಚಿದಿ. ಇವಕ್ಕೂ ಕೆನಿ ಬಂದದ. ತಿರುವಿ ಹಚ್ಚು."

"ಅದು ಕೆನಿ ರಿ. ಬೆರೀತು. ಇದು ಎಣ್ಣಿ. ಬೆರ್ಯಾಕ ತಯಾರಿಲ್ಲ. ಇದು ಎದಿಗೆ ಹೋಗಿ ಹಿಡೀತದ."

ಅವನು ಒಂದು ಬಾಟಲಿ ಎತ್ತಿಕೊಂಡು ಎರಡೂ ಕೈಯಿಂದ ಜೋರಾಗಿ ಅಲುಗಾಡಿಸತೊಡಗಿದ. ಬಹಳ ಹೊತ್ತು ಅಲುಗಾಡಿಸಿ ಮೇಜಿನ ಮೇಲೆ ಇಟ್ಟ. ಇಬ್ಬರೂ ನೋಡುತ್ತ ನಿಂತೆವು. ಹಳದಿ ಹನಿಗಳು ಒಂದೊಂದಾಗಿ ಮೇಲೆ ಬಂದವು. ಅವನು ಕುಲ್ಫಿಯ ಡಬ್ಬಿಯನ್ನು ಎತ್ತಿಕೊಂಡು ಹೋಗಿ ಅಂಗಳದ ಬೇವಿನ ಬುಡಕ್ಕೆ ಉಪ್ಪುನೀರು ಚೆಲ್ಲಿದ. ನನಗೆ ಅವನ ಮೇಲೆ ಸಿಟ್ಟು ಮಾಡಲೂ ಆಗಲಿಲ್ಲ, ಸಮಾಧಾನ ಹೇಳಲೂ ಆಗಲಿಲ್ಲ. ಇಂಥ ನಾಜೂಕಿನ ವಸ್ತುವನ್ನು ಮಾರುವವರು ಅದನ್ನು ಸುಡುವ ಊರಿಗೆ ಹೇಗೆ ಒಯ್ಯಬೇಕೆಂದು ಒಂದು ಮಾತು ಹೇಳಿ ಕಳಿಸಬಾರದೇ ಎಂದು ಆ ಕಾಣದ ಅಂಗಡಿಯವನ ಮೇಲೆ ಹಲ್ಲು ಕಡಿದೆ.

ಅಫಜಲಪುರದ ಒಬ್ಬ ಡಾಕ್ಟರ ಹತ್ತಿರ ಅಂಥದ್ದೇ ಬಾಟಲಿ ಇದೆ ಎಂದು ಮಾಮಾನಿಗೆ ಬೀಗರೊಬ್ಬರು ಹೇಳಿದರು. ಅವನು ಉಂಡ ಕೈ ಒರೆಸಿಕೊಂಡು ಎದ್ದ. ಮರುದಿನ ಒದ್ದೆ ಟವೆಲಿನಲ್ಲಿ ಸುತ್ತಿ ತಂದ. ಬಾಟಲಿ ತಣ್ಣಗಿತ್ತು, ಬಿಳುಪೂ ಚೆನ್ನಾಗಿತ್ತು. ಆದರೆ ಅರ್ಧ ಖಾಲಿ. ರಬ್ಬರ್ ಬಿರಡೆಗೆ ಸೂಜಿ ಚುಚ್ಚಿದ ತೂತಿನ ಮೇಲೆ ಪ್ಲಾಸ್ಟರ್ ಅಂಟಿಸಿದ್ದರು. ಬೇರೆ ಯಾರಿಗೋ ಹಚ್ಚಿ ಉಳಿದದ್ದು, ಫ್ರಿಜ್ಜಿನಲ್ಲಿ ಎಷ್ಟು ದಿನದಿಂದ ಇತ್ತೋ.

"ಇದೂ ಬ್ಯಾಡ್ರಿ," ಎಂದೆ.

"ಇದಕ್ಕೇನಾಗ್ಯದ? ಎಣ್ಣಿ ಎಲ್ಲಿ ಅದ ತೋರ್ಸು."

"ಎಣ್ಣಿ ಇಲ್ಲ. ಒಮ್ಮೆ ತೆರೆದ ಬಾಟ್ಲಿ ಇದು. ಹಾಲಿನಾಗ ಹುಳ ಬೆಳೆದಂಗ ಇದ್ರಾಗ ರೋಗದ ಹುಳ ಬೆಳೀತಾವ. ಕಣ್ಣಿಗಿ ಕಾಣೂದಿಲ್ಲ. ಸೀದಾ ರಕ್ತಕ್ಕ ಹೋಗ್ತಾವ."

ಮಾಮಾ ಅಷ್ಟು ದಿನ ತಡೆದುಕೊಂಡಿದ್ದದ್ದು ಆಗ ಹೊರಬಂತು. "ಬಿಸಿಲಿಗೆ ತಂದ್ರ ಅಂಜಿಕಿ. ಐಸಿನಾಗ ತಂದ್ರ ಒಡೀತು. ತಂಪಾಗಿ ಛಲೋ ಇದ್ದದ್ದು ತಂದ್ರ ಕಣ್ಣಿಗಿ ಕಾಣದ ಹುಳ. ಡಾಕ್ಟರಮ್ಮಾ, ನಿನಗ ನಿಮ್ಮ ಅಕ್ಕ ಬೇಕಾಗ್ಯಾಳೋ, ಬಾಟ್ಲಿ ಪರೀಕ್ಷಾ ಬೇಕಾಗ್ಯದೋ?"

ನಾನು ಸಿಂಕಿನ ಹತ್ತಿರ ಹೋಗಿ ಬಾಟಲಿಯನ್ನು ಖಾಲಿ ಮಾಡಿದೆ. ಬೆಳ್ಳಗಿನ ಅದು ಗಳಗಳ ಹೋಗುವುದನ್ನು ಅವನು ನಿಂತು ನೋಡಿದ. ಆಮೇಲೆ ಎರಡು ದಿನ ನನ್ನೊಡನೆ ಮಾತಾಡಲಿಲ್ಲ.

ಬಿಳಿ ಬಾಟಲಿ ಇಲ್ಲದ ಆ ದಿನಗಳಲ್ಲಿ ಅಕ್ಕ ಕಣ್ಣೆದುರಿಗೇ ಸೊರಗಿದಳು. ಗ್ಲೂಕೋಸ್ ಹೆಚ್ಚಿಸಿದೆ, ಮೊಣಕೈವರೆಗೆ ನರ ಕೆಂಪಾಗಿ ಬಾತುಕೊಂಡಿತು. ನಮ್ಮ ಅವ್ವ ಆಳಂದದಿಂದ ಬಂದು ಹಾಸಿಗೆಯ ಪಕ್ಕ ಕೂತಿದ್ದಳು. ಅವಳದ್ದು ಒಂದೇ ಮಾತು.

"ನರದಾಗ ಹಾಲು ಹಾಕ್ತೀರಿ. ಬಾಯಾಗ ಒಂದು ಗುಟುಕು ಹಾಕಿದ್ರ ಏನಾಗ್ತದ? ದೇವ್ರು ಬಾಯಿ ಯಾಕ ಕೊಟ್ಟಾನ?"

"ಅವ್ವಾ, ಬಾಯಾಗ ಹಾಕಿದ್ದು ಹೊಟ್ಟಿಯಿಂದ ಹೊರಗ ಬರ್ತದ. ಸೋರೂದು ನಿಲ್ಲೂದಿಲ್ಲ."

"ನೀ ಓದಿದಾಕಿ. ನಾ ಹಡೆದಾಕಿ."

ಒಂದು ಮಧ್ಯಾಹ್ನ ಪಟ್ಟಿ ಬದಲಿಸಲು ಹೋದಾಗ ಗಾಯದ ಬಾಯಲ್ಲಿ ಬಿಳಿ ಚರಟ ಕಂಡಿತು. ಮೂಸಿದೆ, ಮಜ್ಜಿಗೆ. ಅದರಲ್ಲಿ ಜೀರಿಗೆಯ ಕಾಳೂ ಇತ್ತು. ಕಡಿಮೆಯಾಗುತ್ತ ಬಂದಿದ್ದ ಸೋರಿಕೆ ಆ ದಿನ ಪಟ್ಟಿಯ ಮೇಲೆ ಪಟ್ಟಿ ತೋಯಿಸಿತು. ಅವ್ವನನ್ನು ಹೊರಗೆ ಕರೆದು ಎಂದೂ ಆಡದ ಮಾತು ಆಡಿದೆ. ಅವಳು ಸೆರಗು ಬಾಯಿಗೆ ಒತ್ತಿಕೊಂಡು, "ಆಕಿನೇ ಕೇಳಿದಳು, ನಾ ಏನು ಮಾಡ್ಲಿ," ಎಂದಳು.

ಒಳಗೆ ಬಂದರೆ ಅಕ್ಕ ನನ್ನ ಕಡೆ ನೋಡದೆ ಹೇಳಿದಳು. "ಅವ್ವಗ ಬೈಬ್ಯಾಡ. ನಿನ್ನ ಹಾಲಿಗೆ ರುಚಿ ಇಲ್ಲ ಬೇ. ಹಸಿವಿ ಇಲ್ಲ, ಆದ್ರ ನಾಲಿಗಿ ಸತ್ತದ. ಕನಸಿನಾಗ ಬರೀ ಪುಂಡಿಪಲ್ಯ ಬರಾಕತ್ತದ." ನಾನು ಹತ್ತಿಯನ್ನು ಉಪ್ಪುನೀರಿನಲ್ಲಿ ಅದ್ದಿ, ಹಿಂಡಿ, ಅವಳ ನಾಲಿಗೆಗೆ ಒರೆಸಿದೆ. ಅವಳು ಕಣ್ಣು ಮುಚ್ಚಿ ಅದನ್ನು ಬಹಳ ಹೊತ್ತು ಚಪ್ಪರಿಸಿದಳು. ಆಮೇಲೆ ದಿನಾ ಅದನ್ನೇ ಕೇಳುತ್ತಿದ್ದಳು, ಅವ್ವನೇ ಒರೆಸುತ್ತಿದ್ದಳು. ಕದ್ದು ಕೊಡುವುದು ನಿಂತಿತು.

ಮೂರನೇ ಸಲ ಮಾಮಾ ಹೊರಡುವಾಗ ಇಬ್ಬರೂ ಕೂತು ಯೋಚಿಸಿದೆವು. ಐಸ್ ಬೇಡ. ಬಸ್ ಬೇಡ. ಹೊಲದಲ್ಲಿ ನೀರು ಹೇಗೆ ತಂಪು ಇಡುತ್ತೀರಿ ಎಂದು ನಾನೇ ಕೇಳಿದೆ. ಗೋಣಿತಟ್ಟು ಸುತ್ತಿ ಗಾಳಿಗೆ ಇಡ್ತೀವಿ ಎಂದ. ಹಾಗೇ ಮಾಡೋಣ ಎಂದೆ. ಜ್ವರ ನೋಡುವ ಥರ್ಮಾಮೀಟರ್ ಇದಕ್ಕೆ ಬರುವುದಿಲ್ಲವೆಂದು ಹೈಸ್ಕೂಲಿನ ಲ್ಯಾಬಿನಿಂದ ಉದ್ದನೆಯದೊಂದನ್ನು ಕೇಳಿ ತಂದು, ಮೊದಲು ನೀರಿನ ಬಾಟಲಿಗೆ ಒದ್ದೆ ತಟ್ಟು ಸುತ್ತಿ ಪಡಸಾಲೆಯಲ್ಲಿ ತೂಗಿಬಿಟ್ಟು ನೋಡಿದೆ. ಇಪ್ಪತ್ತೈದರ ಆಸುಪಾಸಿನಲ್ಲಿ ನಿಂತಿತು. ಮಾಮಾ ವಾಡಿಗೆ ಹೋಗಿ ರೈಲು ಹಿಡಿದ. ಬರುವಾಗ ಬಾಟಲಿಗಳನ್ನು ತಟ್ಟಿನಲ್ಲಿ ಸುತ್ತಿ, ಕಿಟಕಿಯ ಗಾಳಿಗೆ ಹಿಡಿದು, ಸ್ಟೇಶನ್ ಬಂದಲ್ಲೆಲ್ಲ ನಲ್ಲಿಗೆ ಓಡಿ ತೋಯಿಸಿಕೊಂಡು ಬಂದ. ಸಹಪ್ರಯಾಣಿಕರು ಒಳಗೆ ಏನಿದೆ ಎಂದು ಕೇಳಿದ್ದಕ್ಕೆ ಹೆಂಡತಿಯ ಊಟ ಎಂದನಂತೆ.

ಒಂದೊಂದನ್ನೂ ಬೆಳಕಿಗೆ ಹಿಡಿದೆ. ಎಲ್ಲವೂ ಸಮನಾಗಿದ್ದವು. ಮಾಮಾ ನನ್ನ ಹಿಂದೆ ನಿಂತು ತಾನೂ ಒಂದೊಂದನ್ನು ಇಣುಕಿ ನೋಡಿ, "ಹಳದಿ ಇಲ್ಲ," "ಇದ್ರಾಗೂ ಇಲ್ಲ," ಎನ್ನುತ್ತಿದ್ದ.

ಅವನ್ನು ನಮ್ಮ ದವಾಖಾನೆಯ ಫ್ರಿಜ್ಜಿನ ಕೆಳಗಿನ ಅರೆಯಲ್ಲಿ, ಐಸಿನ ಖಾನೆಯಿಂದ ದೂರ ಇಟ್ಟೆ. ಕರೆಂಟ್ ಹೋದಾಗೆಲ್ಲ ತೆಗೆದು ತಟ್ಟಿನಲ್ಲಿ ಸುತ್ತುವುದು, ಬಂದಾಗ ಒಳಗಿಡುವುದು. ಆ ತಿಂಗಳು ನನ್ನ ಕನಸಿನಲ್ಲೂ ಕರೆಂಟ್ ಹೋಗುತ್ತಿತ್ತು. ಮಾಮಾ ಇನ್ನೊಂದು ಸಲ ಹೋಗಿ ಬಂದ. ಸೋರಿಕೆ ಮೊದಲು ಪಟ್ಟಿಯ ಅಂಗೈಯಷ್ಟು ಜಾಗಕ್ಕೆ ಇಳಿಯಿತು, ಆಮೇಲೆ ರೂಪಾಯಿ ನಾಣ್ಯದಷ್ಟಕ್ಕೆ. ಒಂದು ಬೆಳಿಗ್ಗೆ ಪಟ್ಟಿ ಒಣಗಿತ್ತು. ನಂಬಿಕೆ ಬರದೆ ಮತ್ತೊಂದು ಪಟ್ಟಿ ಕಟ್ಟಿ ಸಂಜೆಯವರೆಗೆ ಕಾದೆ. ಅದೂ ಒಣಗಿತ್ತು.

ಕೆಲ ದಿನ ಬಿಟ್ಟು ಮೊದಲ ಗಂಜಿ ಕುಡಿಸಿದೆವು. ಚಮಚವನ್ನು ಹಿಡಿದವಳು ಅವ್ವ. ಅಕ್ಕ ನುಂಗಿ, "ಉಪ್ಪು ಕಡಿಮಿ ಆಗ್ಯದ," ಎಂದಳು. ದೊಡ್ಡ ಡಾಕ್ಟರು ಬಾಗಿಲಲ್ಲಿ ನಿಂತು ನೋಡಿ, "ನನ್ನ ಹೊಲಿಗಿ ಹಿಡೀತು ನೋಡ್ರಿ," ಎಂದು ಮಾಮಾನ ಬೆನ್ನು ತಟ್ಟಿ ಹೋದರು. ಮಳೆಗಾಲ ಹಿಡಿಯುವ ಹೊತ್ತಿಗೆ ಅಕ್ಕ ಅಂದೋಲಾಕ್ಕೆ ಹೋದಳು, ಸೀರೆ ಎರಡು ಸುತ್ತು ಹೆಚ್ಚು ಬರುವಷ್ಟು ತೆಳ್ಳಗಾಗಿ. ಆದರೆ ನಡೆದುಕೊಂಡೇ ಬಸ್ ಹತ್ತಿದಳು.

ಔಷಧಿಗೆಂದೇ ಬೇರೆ ಫ್ರಿಜ್ ಬೇಕು, ಒಳಗೊಂದು ಥರ್ಮಾಮೀಟರ್ ಬೇಕು ಎಂದು ನಾನು ಆ ವರ್ಷವೆಲ್ಲ ದೊಡ್ಡ ಡಾಕ್ಟರ ಬೆನ್ನು ಹತ್ತಿದೆ. ಮುಂದಿನ ಬೇಸಿಗೆಗೆ ಅವರು ಹೊಸ ಫ್ರಿಜ್ ತರಿಸಿದರು. ಮೊದಲ ದಿನವೇ ತೆರೆದು ನೋಡಿದೆ. ಥರ್ಮಾಮೀಟರ್ ಇರಲಿಲ್ಲ. ಮೇಲಿನ ಅರೆಯಲ್ಲಿ ಬಂದವರಿಗೆ ಕೊಡುವ ಕೂಲ್ ಡ್ರಿಂಕ್ಸ್, ಕೆಳಗೆ ಅವರ ಮನೆಯ ಮೊಸರಿನ ಗಡಿಗೆ ಮತ್ತು ಒಂದು ಕಲ್ಲಂಗಡಿ. ಕಲ್ಲಂಗಡಿಯನ್ನು ಎತ್ತಿ ಹೊರಗಿಟ್ಟು, ಗಡಿಗೆಯನ್ನೂ ತೆಗೆದಿಡಲು ಕೈ ಹಾಕಿದೆ.